ಚೆಕಿಂಗಮ್ಮನ ಐದು ಕಿಲೋಮೀಟರ್

ದೊಡ್ಡಮ್ಮ ನಮ್ಮ ಮನೆಗೆ ಬಂದರೆ ಮೊದಲು ಬಾಗಿಲ ಹಿಂದೆ ಇಣುಕುತ್ತಿದ್ದಳು. ಅಲ್ಲಿ ಒಂದು ಪೊರಕೆ, ಒಂದು ಹಳೇ ಛತ್ರಿ ಬಿಟ್ಟರೆ ಯಾವತ್ತೂ ಏನೂ ಇರುತ್ತಿರಲಿಲ್ಲ. ಅದು ಅವಳಿಗೂ ಗೊತ್ತು. ಆದರೂ ನೋಡುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಮೇಲೆ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಕಣ್ಣು ಅದು. ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಅದಕ್ಕೆ ರಜೆ ಇರುತ್ತಿರಲಿಲ್ಲ. ಮೊಟ್ಟೆ ತಂದರೆ ಒಂದೊಂದನ್ನೂ ಬೆಳಕಿಗೆ ಹಿಡಿಯುವುದು, ಬೀಗ ಹಾಕಿದ ಮೇಲೆ ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವುದು, ಯಾರಾದರೂ ಸುಮ್ಮನೆ ನಕ್ಕರೆ "ಏನಾಯ್ತು?" ಎಂದು ಕೇಳುವುದು. ಅವಳನ್ನು ನೋಡಿ ಬೆಳೆದ ನಮಗೆ ಇದೆಲ್ಲ ಬೇರೆಯವರ ಮನೆಗಳಲ್ಲಿ ಇಲ್ಲವೆಂದು ತಿಳಿದದ್ದೇ ತಡವಾಗಿ.

ಕೆಲಸದಲ್ಲಿ ಅವಳದೇ ಒಂದು ಪದ್ಧತಿ ಇತ್ತು. ನಡುದಾರಿಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಹಿಂಬಾಗಿಲಿನಿಂದ ಹತ್ತುತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಅವಳು ಹತ್ತಿದ ಕೂಡಲೇ ಕಿಟಕಿಯಾಚೆ ನೋಡಲು ಶುರುಮಾಡುವವರು, ಇದ್ದಕ್ಕಿದ್ದಂತೆ ನಿದ್ದೆ ಹೋಗುವವರು, ನಾಲ್ಕೂ ಜೇಬುಗಳನ್ನು ಬಹಳ ಶ್ರದ್ಧೆಯಿಂದ ತಡಕುವವರು, ಇವರನ್ನೆಲ್ಲ ಒಂದೇ ಸಲಕ್ಕೆ ಗುರುತು ಹಿಡಿಯುತ್ತಿದ್ದಳು. ಆದರೆ ಕೂಡಲೇ ಕೇಳುತ್ತಿರಲಿಲ್ಲ. ಅವರ ಪಕ್ಕದಲ್ಲೇ ಕಂಬಿ ಹಿಡಿದು, ಎಲ್ಲೋ ನೋಡುತ್ತ ನಿಲ್ಲುತ್ತಿದ್ದಳು. "ಹತ್ತಿದ ತಕ್ಷಣ ಕೇಳಿದ್ರೆ ಹತ್ತು ಕಥೆ ಹೇಳ್ತಾರೆ. ಇಳಿಯೋ ತನಕ ಬಿಡಬೇಕು. ಇಳಿಯೋವಾಗ ಕೇಳಿದ್ರೆ ಕಥೆ ಹೇಳೋಕೆ ಸಮಯ ಇರಲ್ಲ" ಎನ್ನುತ್ತಿದ್ದಳು. ಕಂಡಕ್ಟರುಗಳು ಅವಳಿಗೆ ಚೆಕಿಂಗಮ್ಮ ಎಂದು ಹೆಸರಿಟ್ಟಿದ್ದರು. ಯಾವುದೋ ಬಸ್ಸಿನ ಹಿಂದಿನ ಗಾಜಿನ ಧೂಳಿನ ಮೇಲೆ ಯಾರೋ ಬೆರಳಲ್ಲಿ ಆ ಹೆಸರು ಬರೆದಿದ್ದನ್ನು ಒಂದು ದಿನ ಅವಳೇ ನೋಡಿದಳು. ಬೇಸರವೇನೂ ಆಗಲಿಲ್ಲ. ಅಕ್ಷರ ಯಾರದ್ದೆಂದು ಮಾತ್ರ ಒಂದು ವಾರ ಹುಡುಕಿದಳು.

ನಾವು ಕೆಳಗಿನ ಮನೆಯಲ್ಲಿ, ಅವರು ಮೇಲಿನ ಮನೆಯಲ್ಲಿ. ನನ್ನ ಅಪ್ಪ ಮತ್ತು ದೊಡ್ಡಪ್ಪ ಒಡಹುಟ್ಟಿದವರು. ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದುದರಿಂದ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಓರಗಿತ್ತಿಯರಿಬ್ಬರ ನಡುವೆ ಜಗಳವೆಂಬುದು ಇರಲಿಲ್ಲ. ಆದರೆ ಅಜ್ಜಿ ತೀರಿಕೊಂಡಾಗ ಅವಳ ಹೊಲಿಗೆ ಯಂತ್ರ ಅಮ್ಮನ ಪಾಲಿಗೆ ಬಂದಿತ್ತು. ದೊಡ್ಡಮ್ಮನಿಗೆ ಸೂಜಿಗೆ ದಾರ ಪೋಣಿಸಲೂ ಬಾರದು, ಯಂತ್ರ ಬೇಕಾಗಿಯೂ ಇರಲಿಲ್ಲ. "ಬೇಕಾ ಅಂತ ನನ್ನನ್ನ ಯಾರೂ ಕೇಳಲಿಲ್ಲ, ಅಷ್ಟೇ" ಎಂದು ಆಗಾಗ ಹೇಳುತ್ತಿದ್ದಳು. ಆ "ಅಷ್ಟೇ"ಯಲ್ಲಿ ಎಷ್ಟು ಸೇರಿತ್ತೆಂದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಐದು ಕಿಲೋಮೀಟರಿನ ರಸ್ತೆ ಓಟ ನಡೆಯುತ್ತದೆ. ಮಾರುಕಟ್ಟೆಯ ಚೌಕದಿಂದ ಹೊರಟು, ಆಸ್ಪತ್ರೆ ದಾಟಿ, ಸೇತುವೆಯ ಏರು ಹತ್ತಿ, ಬಸ್ ಡಿಪೋ ಸುತ್ತಿಕೊಂಡು ಕ್ರೀಡಾಂಗಣದಲ್ಲಿ ಮುಗಿಯುತ್ತದೆ. ಒಂದು ವರ್ಷ ಸಾರಿಗೆ ಕಚೇರಿಯವರು ನೌಕರರೂ ಓಡಬೇಕೆಂದು ಒತ್ತಾಯ ಮಾಡಿದರು. ದೊಡ್ಡಮ್ಮ ಹೊಸ ಬೂಟು ಕೊಂಡಳು. ಬಸ್ಸುಗಳಲ್ಲಿ ದಿನವಿಡೀ ನಿಂತು, ಹತ್ತಿ, ಇಳಿದು ಗಟ್ಟಿಯಾದ ಕಾಲುಗಳು ಅವಳವು. ಪಿಸ್ತೂಲು ಸಿಡಿದದ್ದೇ ತಡ, ಬಾಣ ಬಿಟ್ಟ ಹಾಗೆ ಹೊರಟಳು. ಆಸ್ಪತ್ರೆಯ ಗೇಟಿನವರೆಗೆ ಹೆಂಗಸರಲ್ಲಿ ಅವಳೇ ಮುಂದೆ. ಯಾರೋ ಫೋಟೋ ಕೂಡ ತೆಗೆದರು. ಸೇತುವೆಯ ಏರು ಬರುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡಿತು, ಕಣ್ಣು ಕತ್ತಲೆ ಬಂತು. ಕಟ್ಟೆಯ ಮೇಲೆ ಕೂತವಳು ಏಳಲಿಲ್ಲ. ಮುದುಕರು, ಮಕ್ಕಳನ್ನು ಎತ್ತಿಕೊಂಡವರು, ಫೋನಿನಲ್ಲಿ ಮಾತಾಡುತ್ತ ನಡೆಯುತ್ತಿದ್ದವರು, ಎಲ್ಲರೂ ಅವಳನ್ನು ದಾಟಿ ಹೋದರು. ಕೊನೆಗೆ ಬಸ್ಸು ಹತ್ತಿ ಮನೆಗೆ ಬಂದಳು. ಪಾಸು ಮನೆಯಲ್ಲಿತ್ತು, ಓಡುವ ಬಟ್ಟೆಯಲ್ಲಿ ಜೇಬೂ ಇರಲಿಲ್ಲ. ಕಂಡಕ್ಟರ್ ತಾನೇ ಒಂದು ಟಿಕೆಟ್ ಹರಿದು ಅವಳ ಕೈಗಿಟ್ಟ. ಮರುದಿನದಿಂದ ಡಿಪೋದಲ್ಲಿ ಚಹಾದ ಹೊತ್ತಿಗೆ ಅದೇ ಮಾತು. ಅವಳು ಒಳಗೆ ಬಂದರೆ ಎಲ್ಲರೂ ಒಟ್ಟಿಗೆ ಲೋಟಗಳೊಳಗೆ ನೋಡುತ್ತಿದ್ದರು.

ಇದಾಗಿ ಕೆಲವು ತಿಂಗಳಿಗೆ ಅಮ್ಮ ಮೇಲೆ ಹೋಗಿ ಹೇಳಿದಳು. "ಅಕ್ಕಾ, ಈ ಸಲದ ಓಟಕ್ಕೆ ನಾವಿಬ್ರೂ ಜೊತೆಗೆ ತಯಾರಾಗೋಣ. ನಿಮ್ಮ ಕಾಲಲ್ಲಿ ಶಕ್ತಿ ಇದೆ. ಅದನ್ನ ಎಲ್ಲಿ ಖರ್ಚು ಮಾಡ್ಬೇಕು ಅನ್ನೋದು ಮಾತ್ರ ಗೊತ್ತಿಲ್ಲ."

ಅಮ್ಮ ಕಾಲೇಜಿನಲ್ಲಿದ್ದಾಗ ಓಟಗಾರ್ತಿ. ಮದುವೆಯಾದ ಮೇಲೆ ಬಿಟ್ಟಿದ್ದಳು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಬೆಳಿಗ್ಗೆ ನನಗೆ ಬುತ್ತಿ ಕಟ್ಟುವ ಮೊದಲು ಕಾಲುವೆ ದಂಡೆಯ ಮೇಲೆ ಮತ್ತೆ ಓಡಲು ಶುರುಮಾಡಿದ್ದಳು.

ದೊಡ್ಡಮ್ಮ "ನೋಡೋಣ" ಎಂದಳು. ಅಮ್ಮ ಕೆಳಗಿಳಿದ ಮೇಲೆ ದೊಡ್ಡಪ್ಪನನ್ನು ಕೇಳಿದಳಂತೆ. "ಇವಳು ಯಾಕೆ ನನ್ನನ್ನ ಕರೀತಿದಾಳೆ?"

ದೊಡ್ಡಪ್ಪ ರೇಡಿಯೋ, ಮಿಕ್ಸಿ ರಿಪೇರಿ ಮಾಡುತ್ತಿದ್ದವರು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳಿದರು. "ನಿನಗೆ ಅನುಮಾನ ಬರದೆ ಇರೋ ದಿನ ಹೇಳು, ಡಾಕ್ಟರನ್ನ ಕರೀತೀನಿ."

ಕೊನೆಗೆ ಒಪ್ಪಿಕೊಂಡಳು. ಆದರೆ ಒಪ್ಪಿಕೊಂಡ ದಿನದಿಂದಲೇ ತಪಾಸಣೆ ಶುರುವಾಯಿತು.

ಕಾಲುವೆ ದಂಡೆಯ ಮೇಲೆ ನೀರಿನ ಗೇಟಿನಿಂದ ಮುಚ್ಚಿಹೋದ ಚಿತ್ರಮಂದಿರದ ಹಿಂಗೋಡೆಯವರೆಗೆ ಸರಿಯಾಗಿ ಒಂದು ಕಿಲೋಮೀಟರ್ ಎಂದು ಅಮ್ಮ ಹೇಳಿದ್ದಳು. ಅಲ್ಲಿ ಬಸ್ಸು ಓಡುತ್ತಿರಲಿಲ್ಲ. ಬಸ್ಸು ಓಡುವ ದಾರಿಯಾಗಿದ್ದರೆ ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ದೂರವೆಂದು ದೊಡ್ಡಮ್ಮ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು. ಇಲ್ಲಿ ಅಮ್ಮನ ಮಾತೇ ಆಧಾರ. ಗಡಿಯಾರವೂ ಅಮ್ಮನ ಕೈಯಲ್ಲೇ.

"ಗಡಿಯಾರ ನೀನೇ ಯಾಕೆ ಕಟ್ಕೋಬೇಕು?" ದೊಡ್ಡಮ್ಮ ಕೇಳಿದಳು.

"ನಿಮ್ಮ ಕೈಲಿದ್ರೆ ನೀವು ಓಡೋದು ಬಿಟ್ಟು ಅದನ್ನೇ ನೋಡ್ತೀರ ಅಕ್ಕಾ."

ಓಡುವಾಗ ಅಮ್ಮ ಅವಳನ್ನು ಮಾತಾಡಿಸುತ್ತಿದ್ದಳು. ನಿನ್ನೆ ಬಸ್ಸಿನಲ್ಲಿ ಏನಾಯಿತು, ದೊಡ್ಡಪ್ಪನ ಕೆಮ್ಮು ಹೇಗಿದೆ, ಹೀಗೆ ಏನಾದರೊಂದು. ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಯಿತೆಂದು ಅರ್ಥ, ನಿಧಾನ ಮಾಡಬೇಕು ಎನ್ನುತ್ತಿದ್ದಳು. ದೊಡ್ಡಮ್ಮನಿಗೆ ಇದು ಬೇರೆಯಾಗಿಯೇ ಕಂಡಿತು. ತನ್ನ ಉಸಿರು ಖಾಲಿ ಮಾಡಿಸಲು ಇವಳು ಮಾತಾಡಿಸುತ್ತಿದ್ದಾಳೆ. ಮುಂದೆ ಹೋಗಲು ನೋಡಿದರೆ "ಬೇಡ ಅಕ್ಕಾ, ನನ್ನ ಪಕ್ಕದಲ್ಲೇ ಇರಿ" ಎಂದು ಅಮ್ಮ ತಡೆಯುತ್ತಿದ್ದಳು. ಚಿತ್ರಮಂದಿರದ ಗೋಡೆ ಮುಟ್ಟಿದ ಮೇಲೆ ಗಡಿಯಾರ ನೋಡಿ, ತುಟಿ ಸ್ವಲ್ಪ ಓರೆ ಮಾಡಿ ಎಷ್ಟು ಹೊತ್ತು ಹಿಡಿಯಿತೆಂದು ಹೇಳುತ್ತಿದ್ದಳು. ದೊಡ್ಡಮ್ಮ ಮನಸ್ಸಿನಲ್ಲೇ ಐದರಿಂದ ಗುಣಿಸಿ ನೋಡುತ್ತಿದ್ದಳು. ಹಿಂದಿನ ವರ್ಷ ಬಹುಮಾನ ತೆಗೆದುಕೊಂಡವರ ಹತ್ತಿರಕ್ಕೂ ಅದು ಬರುತ್ತಿರಲಿಲ್ಲ. ತಿಂಗಳುಗಳು ಕಳೆದರೂ ಬರುತ್ತಿರಲಿಲ್ಲ.

"ಇಷ್ಟೊಂದು ಓಡ್ತಿದೀನಿ, ಆದ್ರೂ ಯಾಕೆ ಹೀಗೆ?"

"ಆಗುತ್ತೆ ಅಕ್ಕಾ. ಓಟದ ದಿನ ಮೊದಲ ಕಿಲೋಮೀಟರು ನಾಚಿಕೆ ಆಗೋಷ್ಟು ನಿಧಾನಕ್ಕೆ ಓಡಿ, ಸಾಕು. ಎಲ್ಲರೂ ಮುಂದೆ ಹೋಗಲಿ. ಸೇತುವೆ ದಾಟಿದ ಮೇಲೆ ಅವರೇ ಒಬ್ಬೊಬ್ಬರಾಗಿ ನಿಮ್ಮ ಕೈಗೆ ಸಿಗ್ತಾರೆ."

ಅಮ್ಮನೂ ಅದೇ ಓಟಕ್ಕೆ, ನಲವತ್ತೈದು ದಾಟಿದ ಹೆಂಗಸರ ಅದೇ ಗುಂಪಿಗೆ ಹೆಸರು ಕೊಟ್ಟಿದ್ದಳು. ಅದು ತಿಳಿದ ದಿನ ದೊಡ್ಡಮ್ಮ ನನ್ನನ್ನು ಮೇಲೆ ಕರೆಸಿದಳು. ಕುರ್ಚಿಯಲ್ಲಿ ಕೂರಿಸಿ, ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ತಾನು ಮಾತ್ರ ನಿಂತೇ ಇದ್ದಳು.

"ನಿಮ್ಮಮ್ಮ ನನ್ನ ಬಿಟ್ಟು ಒಬ್ಬಳೇ ಓಡೋಕೆ ಹೋಗ್ತಾಳಾ?"

"ಕೆಲವು ದಿನ ಹೋಗ್ತಾಳೆ ದೊಡ್ಡಮ್ಮ."

"ಜೋರಾಗಿ ಓಡ್ತಾಳಾ?"

"ನಾನು ನೋಡಿಲ್ಲ."

"ನೋಡಿಲ್ಲ," ಎಂದು ಅವಳು ನನ್ನ ಮಾತನ್ನೇ ತಿರುಗಿಸಿ ಹೇಳಿದಳು. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಬಿಸ್ಕತ್ತು ಹಿಡಿದ ಕೈಯ ಮೇಲಿತ್ತು. ನನಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಆದರೂ ಬಿಸ್ಕತ್ತು ಚೂರಾಗಿ ಮಡಿಲಿಗೆ ಬಿತ್ತು. ಅದು ಅವಳಿಗೆ ಸಾಕ್ಷಿಯಾಗಿಬಿಟ್ಟಿತು.

ಓಟಕ್ಕೆ ಒಂದು ವಾರವಿದ್ದಾಗ ಅಮ್ಮನಿಗೆ ಶಾಲೆಯೊಂದರ ಸಮವಸ್ತ್ರದ ಕೆಲಸ ಬಂದು, ಒಂದು ಬೆಳಿಗ್ಗೆ ಓಡಲು ಹೋಗಲಾಗಲಿಲ್ಲ. ದೊಡ್ಡಮ್ಮ ಒಬ್ಬಳೇ ಹೋದಳು. ದಂಡೆಯ ಮೇಲೆ ಕೊಳವೆ ಹಾಕುವ ಕೆಲಸಕ್ಕೆಂದು ಒಬ್ಬ ಸರ್ವೆಯವನು ಕೋಲಿನ ತುದಿಗೆ ಚಕ್ರವಿದ್ದ ಸಾಧನವನ್ನು ಉರುಳಿಸುತ್ತ ಬರುತ್ತಿದ್ದ. ಚಕ್ರ ಉರುಳಿದಷ್ಟೂ ದೂರ ಅದರ ಮೇಲಿನ ಪುಟ್ಟ ಕಿಟಕಿಯಲ್ಲಿ ಮೂಡುತ್ತಿತ್ತು. ದೊಡ್ಡಮ್ಮ ಅವನನ್ನು ತಡೆದು, ಗೇಟಿನಿಂದ ಚಿತ್ರಮಂದಿರದ ಗೋಡೆಯವರೆಗೆ ಅಳೆದುಕೊಡಲು ಕೇಳಿದಳು. ಅವಳ ಧ್ವನಿಯಲ್ಲಿ ಅದೇನಿತ್ತೋ, ಅವನು ಯಾಕೆಂದು ಕೂಡ ಕೇಳದೆ ಉರುಳಿಸಿಕೊಂಡು ಹೋದ. ಅವಳು ಚಕ್ರದ ಪಕ್ಕದಲ್ಲೇ, ಅದರ ಮೇಲಿಂದ ಕಣ್ಣು ಕೀಳದೆ ನಡೆದಳು.

ಗೋಡೆಯ ಹತ್ತಿರ ಅವನು ಬಗ್ಗಿ ನೋಡಿದ. "ಒಂದು ಕಿಲೋಮೀಟರ್ ದಾಟಿ ಇನ್ನೂ ನೂರೈವತ್ತು ಮೀಟರ್ ಇದೆ ಮೇಡಂ."

"ಸರಿಯಾಗಿ ನೋಡಿ ಹೇಳಿ."

"ನೀವೇ ನೋಡಿ."

ನೋಡಿದಳು. ಇಷ್ಟು ತಿಂಗಳು ತಾನು ಒಂದು ಕಿಲೋಮೀಟರೆಂದು ಓಡಿದ್ದೆಲ್ಲ ಅದಕ್ಕಿಂತ ಜಾಸ್ತಿ. ನಿಧಾನವೆಂದುಕೊಂಡ ಓಟವೆಲ್ಲ ನಿಧಾನವೇ ಅಲ್ಲ. ಅಲ್ಲೇ ನಿಂತು ಲೆಕ್ಕ ಹಾಕಿದಳು. ಬಹುಮಾನದವರ ಪಕ್ಕಕ್ಕೇ ಹೋಗಿ ನಿಲ್ಲುವಂಥ ಓಟ ಅವಳದು.

ಸಂತೋಷ ಪಡಬೇಕಾದ ಹೊತ್ತು. ಆದರೆ ಅವಳಿಗಾದದ್ದು ಬೇರೆ. ಕಾಲುವೆಯ ನೀರಿನ ಮುಂದೆ ನಿಂತವಳಿಗೆ ಮೈಯೆಲ್ಲ ಬಿಸಿಯಾಯಿತಂತೆ. ಮುಂದೆ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. "ಬಸ್ಸಲ್ಲಿ ಸುಳ್ಳು ಹೇಳೋರು ಯಾರೋ ಏನೋ. ಇಳಿದು ಹೋಗ್ತಾರೆ. ಇವಳು ದಿನಾ ನನ್ನ ಪಕ್ಕದಲ್ಲಿ ಓಡ್ತಾ, ನಗ್ತಾ, ನನ್ನ ಗಂಡನ ಕೆಮ್ಮು ವಿಚಾರಿಸ್ತಾ ಸುಳ್ಳು ಹೇಳಿದ್ಲು."

ಅವಳು ಜಗಳಕ್ಕೆ ಹೋಗಲಿಲ್ಲ. ಆ ಸಂಜೆ ಮೆಟ್ಟಿಲಿಳಿದು ಬಂದು, ಬಾಗಿಲ ಹಿಂದೆ ನೋಡಿ, ಹೊಲಿಗೆ ಯಂತ್ರದ ಪಕ್ಕ ಕೂತಳು. ಅಮ್ಮ ಕಾಲರ್ ಕೂರಿಸುತ್ತಿದ್ದಳು. ಸುತ್ತಲೂ ನೀಲಿ ಬಟ್ಟೆಯ ರಾಶಿ.

"ಅಲ್ವೇ, ಆ ಕಾಲುವೆ ದಾರಿ ಸರಿಯಾಗಿ ಒಂದು ಕಿಲೋಮೀಟರೇ ತಾನೇ?" ಬಹಳ ಮೆತ್ತಗೆ ಕೇಳಿದಳು.

ಯಂತ್ರ ನಿಲ್ಲಲಿಲ್ಲ. "ಹೌದಕ್ಕಾ," ಎಂದಳು ಅಮ್ಮ. ತಲೆ ಎತ್ತಲಿಲ್ಲ.

ದೊಡ್ಡಮ್ಮ ಅಮ್ಮನ ಕೈ ನೋಡುತ್ತಿದ್ದಳು. ಹೊಲಿಗೆ ಒಂದು ಚೂರೂ ಅತ್ತಿತ್ತ ಆಗಲಿಲ್ಲ. "ಅಷ್ಟೇ, ಸುಮ್ನೆ ಕೇಳಿದೆ," ಎಂದು ಎದ್ದು ಹೋದಳು.

ಆ ವಾರವಿಡೀ ಅವಳ ತಲೆಯಲ್ಲಿ ಓಡುತ್ತಿದ್ದುದು ಇದೊಂದೇ. ತಾನು ನಿಧಾನವೆಂದು ತನ್ನನ್ನೇ ನಂಬಿಸಿ, ಮೊದಲಿನಿಂದಲೇ ಹಿಂದೆ ಉಳಿಯುವ ಹಾಗೆ ಮಾಡಿ, ಅಮ್ಮನೇ ಗೆಲ್ಲಬೇಕೆಂದು ಹೂಡಿದ ಹಂಚಿಕೆ. "ನಾಚಿಕೆ ಆಗೋಷ್ಟು ನಿಧಾನಕ್ಕೆ" ಎಂದಿದ್ದರ ಅರ್ಥ ಈಗ ತಿಳಿಯಿತು. ಮೊದಲು ಹೊಳೆದದ್ದು ಹಿಂದಿನ ವರ್ಷದ ಹಾಗೆಯೇ ಹೊರಟ ಕೂಡಲೇ ನುಗ್ಗಿಬಿಡುವುದು. ಈ ಸಲ ಶಕ್ತಿ ಇದೆ, ತಿಂಗಳುಗಟ್ಟಲೆ ಓಡಿದ್ದಾಳೆ. ಆದರೆ ನುಗ್ಗಿದರೆ ಅಮ್ಮ ಬೆನ್ನ ಹಿಂದೆ ಉಳಿಯುತ್ತಾಳೆ. ಬೆನ್ನ ಹಿಂದೆ ಏನು ನಡೆಯುತ್ತದೆಂದು ಯಾರಿಗೆ ಗೊತ್ತು? ಹಿಂದೆ ಉಳಿದರೆ ಅಮ್ಮ ಕಣ್ಣಿಗೇ ಸಿಗದೆ ಮಾಯವಾಗುತ್ತಾಳೆ. ಕೊನೆಗೆ ಇಪ್ಪತ್ತು ವರ್ಷದ ಕೆಲಸ ಕಲಿಸಿದ್ದನ್ನೇ ಮಾಡುವುದೆಂದು ತೀರ್ಮಾನಿಸಿದಳು. ಪಕ್ಕ ಬಿಡಬಾರದು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಇಳಿಯುವ ತನಕ ಬಿಟ್ಟು, ಇಳಿಯುವಾಗ ಹಿಡಿಯಬೇಕು.

ಓಟದ ದಿನ ನಾನು ಟವಲು, ನೀರಿನ ಬಾಟಲಿ ಹಿಡಿದು ಕ್ರೀಡಾಂಗಣದ ಒಳಗೆ, ಓಟ ಮುಗಿಯುವ ಗೆರೆಯ ಹತ್ತಿರ ನಿಂತಿದ್ದೆ. ದಾರಿಯಲ್ಲಿ ನಡೆದದ್ದನ್ನು ಆಮೇಲೆ ಇಬ್ಬರೂ ಹೇಳಿದ್ದರಿಂದ ಜೋಡಿಸಿ ಹೇಳುತ್ತಿದ್ದೇನೆ. ಇಬ್ಬರ ಮಾತೂ ಎಲ್ಲ ಕಡೆ ಒಂದೇ ಆಗಿರಲಿಲ್ಲ.

ಪಿಸ್ತೂಲು ಸಿಡಿದಾಗ ಜನ ಕಟ್ಟೆಯೊಡೆದ ನೀರಿನ ಹಾಗೆ ನುಗ್ಗಿದರು. ಅಮ್ಮ ಕಾಲುವೆ ದಂಡೆಯ ಮೇಲೆ ಓಡುವ ಹಾಗೆಯೇ ಹೊರಟಳು. ದೊಡ್ಡಮ್ಮ ಅವಳ ಬಲಗಡೆಗೆ ಅಂಟಿಕೊಂಡಳು. ಎದುರಿಗೆ ಬೆನ್ನುಗಳು ದೂರವಾಗುತ್ತ ಹೋದವು. ಆಸ್ಪತ್ರೆಯ ಗೇಟಿನ ಹತ್ತಿರ ಡಿಪೋದ ಇಬ್ಬರು ಕಂಡಕ್ಟರುಗಳು ನಿಂತಿದ್ದರು. "ಮೇಡಂ, ಈ ಸಲ ಆರ್ಡಿನರಿ ಬಸ್ಸಾ?" ಎಂದು ಒಬ್ಬ ಕೂಗಿದ. ದೊಡ್ಡಮ್ಮನ ಕಾಲು ತಾನಾಗಿ ಮುಂದೆ ಚಿಮ್ಮಲು ಹೋಯಿತು. ಪಕ್ಕಕ್ಕೆ ನೋಡಿದಳು. ಅಮ್ಮನ ಮುಖದಲ್ಲಿ ಏನೂ ಇರಲಿಲ್ಲ. ತಾನು ಚಿಮ್ಮಿ ಹೋಗಲಿ, ಸೇತುವೆಯ ಮೇಲೆ ಬಿದ್ದು ಸಾಯಲಿ ಎಂದು ಕಾಯುತ್ತಿದ್ದಾಳೆ ಎಂದುಕೊಂಡಳು. ಹಲ್ಲು ಕಚ್ಚಿ ಪಕ್ಕದಲ್ಲೇ ಉಳಿದಳು.

ಸೇತುವೆಯ ಏರಿನಲ್ಲಿ ಅಮ್ಮ ಹೆಜ್ಜೆ ಚಿಕ್ಕದು ಮಾಡಿದಳು. ದೊಡ್ಡಮ್ಮ ಅದನ್ನೂ ಗಮನಿಸಿ ತಾನೂ ಚಿಕ್ಕದು ಮಾಡಿದಳು, ಅಮ್ಮ ಏನಾದರೂ ಹೂಡುತ್ತಿರಬಹುದೆಂದು. ಹಿಂದಿನ ವರ್ಷ ಕೂತಿದ್ದ ಕಟ್ಟೆ ಬಂತು, ಹೋಯಿತು. ಅಲ್ಲಿ ಈ ವರ್ಷ ಬೇರೆ ಯಾರೋ ಪಕ್ಕೆ ಹಿಡಿದು ಕೂತಿದ್ದರು. ಇಳಿಜಾರಿನಲ್ಲಿ ಅಮ್ಮ ಹೇಳಿದ್ದ ಹಾಗೆಯೇ ಜನ ಕೈಗೆ ಸಿಗತೊಡಗಿದರು. ಹಸಿರು ಟೋಪಿಯವಳು, ಬ್ಯಾಂಕಿನ ಗುಮಾಸ್ತೆ, ಒಂದೇ ಬಣ್ಣದ ಬಟ್ಟೆ ತೊಟ್ಟಿದ್ದ ಅಕ್ಕತಂಗಿಯರು, ಎಲ್ಲರೂ ಬಾಯಿ ತೆರೆದು ಉಸಿರೆಳೆಯುತ್ತ ಹಿಂದಾದರು. ದೊಡ್ಡಮ್ಮನಿಗೆ ಉಸಿರು ಇನ್ನೂ ಇತ್ತು. ಅವರನ್ನು ದಾಟಿದ್ದು ಅವಳ ತಲೆಗೆ ಹೋಗಿರಲಿಲ್ಲ. ಅವಳ ಗಮನವೆಲ್ಲ ಅಮ್ಮನ ಮೊಣಕೈ ಮೇಲೆ.

ಡಿಪೋದ ಗೋಡೆ ಸುತ್ತುವಾಗ ಅಮ್ಮನ ಉಸಿರು ಬದಲಾಯಿತು. ಹೆಜ್ಜೆಯ ಸದ್ದು ಭಾರವಾಯಿತು. ದೊಡ್ಡಮ್ಮನೂ ನಿಧಾನ ಮಾಡಿದಳು.

"ನೀವು ಹೋಗಿ ಅಕ್ಕಾ," ಅಮ್ಮ ಹೇಳಿದಳು.

"ಯಾಕೆ?"

"ಈಗ ಹೋಗಿ. ಇದೇ ಸಮಯ."

"ನೀನ್ಯಾಕೆ ನಿಧಾನ ಮಾಡ್ತಿದೀಯ?"

"ಮಾಡ್ತಿಲ್ಲ. ಆಗ್ತಿಲ್ಲ. ಹೋಗಿ."

ದೊಡ್ಡಮ್ಮ ಹೋಗಲಿಲ್ಲ. ಇಳಿಯುವ ನಿಲ್ದಾಣ ಬಂದಿತ್ತು. ಓಡುತ್ತಲೇ ಕೇಳಿದಳು. "ಆ ಕಾಲುವೆ ದಾರಿ ಒಂದು ಕಿಲೋಮೀಟರ್ ಅಲ್ಲ. ಅಳೆಸಿದೀನಿ ನಾನು."

ಅಮ್ಮ ತೋಳಿನಿಂದ ಬೆವರು ಒರೆಸಿಕೊಂಡಳು. ಆಮೇಲೆ, "ಗೊತ್ತು. ಒಂದು ಕಿಲೋಮೀಟರ್ ಆಗೋದು ಗೋಡೆಗಿಂತ ಮುಂಚೆ ಸಿಗೋ ಆ ಮುರುಕು ಬೆಂಚಿನ ಹತ್ರಾನೇ," ಎಂದಳು.

"ಮತ್ತೆ ಸುಳ್ಳು ಯಾಕೆ ಹೇಳಿದೆ?"

"ನಿಜ ಹೇಳಿದ್ರೆ ನೀವು ನಿಲ್ತಿದ್ರಾ? ನೀವು ಇಷ್ಟು ಜೋರು ಅಂತ ನಿಮಗೆ ಗೊತ್ತಾದ ದಿನಾನೇ, ಹೋದ ವರ್ಷದ ಹಾಗೆ ಹಾರ್ಕೊಂಡು ಹೋಗಿ, ಸೇತುವೆ ಮೇಲೆ ಕೂರ್ತಿದ್ರಿ."

"ಅಷ್ಟೇನಾ?"

ಆ ಕ್ಷಣದಲ್ಲಿ ಅಮ್ಮ ಹೌದೆಂದು ಹೇಳಿ ಮುಗಿಸಬಹುದಿತ್ತು. ಯಾಕೋ ಹೇಳಲಿಲ್ಲ. ಉಸಿರಿಲ್ಲದವರಿಗೆ ಮಾತು ಕಟ್ಟಿ ಹೇಳಲು ಆಗುವುದಿಲ್ಲವೆಂದು ಅವಳೇ ಆಮೇಲೆ ನಕ್ಕಳು.

"ಅಷ್ಟೇ ಅಲ್ಲ," ಎಂದಳು. "ನನಗೂ ಪಕ್ಕದಲ್ಲಿ ಒಬ್ಬರು ಬೇಕಿತ್ತು. ಒಬ್ಬಳೇ ಓಡಿದ್ರೆ ನನ್ನ ಕಾಲು ಸೋಮಾರಿ. ನಿಮ್ಮನ್ನ ಇಲ್ಲಿ ತನಕ ಜೊತೆಗೆ ಕರ್ಕೊಂಡು ಬಂದು, ಇಲ್ಲಿಂದ ಬಿಟ್ಟು ಹೋಗೋಣ ಅಂತ. ಕೊನೇಲಿ ಗೆಲ್ಲೋಣ ಅಂತ."

"ನನ್ನನ್ನ ಸೋಲ್ಸೋಕೆ?"

"ಹೂಂ."

ದೊಡ್ಡಮ್ಮ ಹೇಳುವ ಪ್ರಕಾರ ಆ "ಹೂಂ" ಕೇಳಿದಾಗ ಅವಳ ಎದೆಯ ಮೇಲಿಂದ ಒಂದು ಕಲ್ಲು ಇಳಿಯಿತು. ಇಷ್ಟು ದಿನ ಅನುಮಾನಿಸಿದ್ದು ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಯಾವ ಮಾತಿಗೂ "ಹೌದಕ್ಕಾ", "ಆಯ್ತಕ್ಕಾ" ಎನ್ನುತ್ತಿದ್ದ ಈ ಹೆಂಗಸು ಮೊದಲ ಸಲ ಅವಳ ಮುಖಕ್ಕೆ ನೇರವಾಗಿ ಹೇಳಿದ್ದಳು, ನಿಮ್ಮನ್ನು ಸೋಲಿಸಬೇಕೆಂದುಕೊಂಡಿದ್ದೆ ಎಂದು.

"ಹಾಗಾದ್ರೆ ಬಾ," ಎಂದಳು ದೊಡ್ಡಮ್ಮ. "ಸೋಲ್ಸು ನೋಡೋಣ." ಹೇಳಿ ಹೊರಟೇಬಿಟ್ಟಳು.

ಕ್ರೀಡಾಂಗಣದ ಗೇಟಿನಲ್ಲಿ ಮೊದಲು ಕಂಡದ್ದು ಶಾಲೆಯೊಂದರ ಆಟದ ಟೀಚರ್. ಅವರ ಹಿಂದೆ ಒಬ್ಬ ನರ್ಸ್. ಅವರಿಬ್ಬರೂ ಬಹಳ ಮುಂದಿದ್ದರು. ಆಮೇಲೆ ದೊಡ್ಡಮ್ಮ ಬಂದಳು, ಕತ್ತು ಒಂದು ಕಡೆ ವಾಲಿಸಿಕೊಂಡು, ಮುಖ ಕೆಂಡದ ಹಾಗೆ. ಅವಳ ಹಿಂದೆಯೇ ಅಮ್ಮ. ಆಗ್ತಿಲ್ಲ ಎಂದವಳು ಎಲ್ಲಿಂದ ಶಕ್ತಿ ತಂದಳೋ, ತಿರುವಿನಲ್ಲಿ ದೊಡ್ಡಮ್ಮನ ಭುಜದವರೆಗೂ ಬಂದಳು. ನಾನು ಯಾರ ಹೆಸರು ಹಿಡಿದು ಕೂಗಬೇಕೆಂದು ತಿಳಿಯದೆ "ಓಡಿ, ಓಡಿ" ಎಂದಷ್ಟೇ ಕಿರುಚಿದೆ. ದೊಡ್ಡಮ್ಮ ಒಂದು ಸಲ ಕಣ್ಣಂಚಿನಲ್ಲಿ ಪಕ್ಕಕ್ಕೆ ನೋಡಿದಳು, ಹಲ್ಲು ಕಿರಿದಳು, ಗೆರೆ ದಾಟಿದಳು. ಅಮ್ಮ ಎರಡು ಹೆಜ್ಜೆ ಹಿಂದೆ. ಗುಂಪಿನಲ್ಲಿ ದೊಡ್ಡಮ್ಮ ಮೂರನೆಯವಳು, ಅಮ್ಮ ನಾಲ್ಕನೆಯವಳು.

ನಾನು ಟವಲು ಹಿಡಿದು ಓಡಿದೆ. ಅಮ್ಮ ಹುಲ್ಲಿನ ಮೇಲೆ ಕೂತುಬಿಟ್ಟಿದ್ದಳು. ದೊಡ್ಡಮ್ಮ ಮೊಣಕಾಲ ಮೇಲೆ ಕೈಯಿಟ್ಟು ಅವಳ ಎದುರು ಬಗ್ಗಿ ನಿಂತಿದ್ದಳು. ಅವಳ ಮುಖದಲ್ಲಿ ಗೆಲುವಿನ ಸುಳಿವೇ ಇರಲಿಲ್ಲ. ಹುಬ್ಬು ಗಂಟಿಕ್ಕಿತ್ತು.

"ಕೊನೇಲಿ ಬಿಟ್ಟುಕೊಟ್ಯಾ?"

"ಇಲ್ಲ ಅಕ್ಕಾ."

"ನಿಜ ಹೇಳು. ಡಿಪೋ ಹತ್ರ ಹೋಗಿ ಹೋಗಿ ಅಂತ ಹೇಳಿದ್ದು ನೀನೇ."

"ಆಗ ಆಗ್ಲಿಲ್ಲ. ನೀವು ಕೆಣಕಿದ ಮೇಲೆ ಆಯ್ತು."

"ಬೂಟು ಬಿಚ್ಚು."

"ಯಾಕಕ್ಕಾ?"

"ಬಿಚ್ಚು ಅಂದ್ನಲ್ಲ."

ಅಮ್ಮ ಬಗ್ಗಲಾರದೆ ಕಾಲು ಮುಂದೆ ಚಾಚಿದಳು. ದೊಡ್ಡಮ್ಮನೇ ಕೂತು ಲೇಸು ಬಿಚ್ಚಿ, ಕಾಲುಚೀಲ ಎಳೆದಳು. ಹೆಬ್ಬೆರಳ ಉಗುರು ಕಪ್ಪಾಗಿ, ಅಂಚಿನಲ್ಲಿ ರಕ್ತ ಒಸರುತ್ತಿತ್ತು. ಮೀನಖಂಡ ಒತ್ತಿ ನೋಡಿದಳು. ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಮ್ಮ "ಅಯ್ಯೋ" ಎಂದು ಕೂಗಿಕೊಂಡಳು. ದೊಡ್ಡಮ್ಮ ಇನ್ನೊಮ್ಮೆ ಒತ್ತಿದಳು. ಅಮ್ಮ ಮತ್ತೆ ಕೂಗಿದಳು.

"ಬಿಟ್ಟುಕೊಟ್ಟಿಲ್ಲ," ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿ ಹೇಳಿದಳು, ಮೇಲಧಿಕಾರಿಗೆ ವರದಿ ಒಪ್ಪಿಸುವ ಹಾಗೆ. ಆಗ ಅವಳ ಮುಖ ಸಡಿಲವಾಯಿತು. ನನ್ನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ಅಮ್ಮನ ಕಾಲಿಗೆ ಸುರಿದಳು, ಟವಲಿನಿಂದ ಬೆರಳು ಬೆರಳಿನ ಸಂದಿ ಒರೆಸಿದಳು. ಬಹುಮಾನಕ್ಕೆ ಹೆಸರು ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಮೂರನೇ ಸಲ ಕರೆದಾಗ ಅಮ್ಮನೇ ಅವಳನ್ನು ನೂಕಿ ಕಳಿಸಿದಳು.

ಅದಾದ ಮೇಲೆ ಇಬ್ಬರೂ ಹಲವು ವರ್ಷ ಓಡಿದರು. ಒಂದು ವರ್ಷ ಅಮ್ಮ ಗೆದ್ದಳು, ಒಂದು ವರ್ಷ ದೊಡ್ಡಮ್ಮ, ಮತ್ತೊಂದು ವರ್ಷ ಇಬ್ಬರೂ ಜಗಳವಾಡಿಕೊಂಡು ಬೇರೆ ಬೇರೆಯಾಗಿ ಓಡಿ ಇಬ್ಬರೂ ಕೆಟ್ಟರು. ನಿವೃತ್ತಿಯಾದ ಮೇಲೂ ದೊಡ್ಡಮ್ಮ ಬೆಳಿಗ್ಗೆ ಕಾಲುವೆಗೆ ಹೋಗುವುದನ್ನು ಬಿಡಲಿಲ್ಲ. ಅವಳ ಸ್ವಭಾವ ಬದಲಾಯಿತೆಂದು ಮಾತ್ರ ನಾನು ಹೇಳಲಾರೆ. ಇಬ್ಬರೂ ಜೊತೆಗೆ ಓಡಿದ ಆ ಮೊದಲ ಓಟ ಮುಗಿದು ಒಂದು ತಿಂಗಳಾಗಿರಬೇಕು. ನಾನು ಕೆಲಸದಿಂದ ಬರುವುದನ್ನೇ ಕಾಯುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಧ್ವನಿ ತಗ್ಗಿಸಿದಳು.

"ನಿಮ್ಮಮ್ಮನ ಆ ಉಗುರು, ಓಟಕ್ಕಿಂತ ಮುಂಚೇನೇ ಕಪ್ಪಾಗಿತ್ತಾ?"

"ನಾನು ನೋಡಿಲ್ಲ ದೊಡ್ಡಮ್ಮ."

ಒಳಗೆ ಹೊಲಿಗೆ ಯಂತ್ರ ನಿಂತಿತು. "ಕೇಳಿಸ್ತಿದೆ ಅಕ್ಕಾ," ಎಂದು ಅಮ್ಮ ಕೂಗಿದಳು. "ನಾಳೆ ಬೆಳಿಗ್ಗೆ ಬನ್ನಿ, ಓಡಿ ತೋರಿಸ್ತೀನಿ."

"ಬರ್ತೀನಿ," ಎಂದಳು ದೊಡ್ಡಮ್ಮ. "ಬರದೆ ಇರ್ತೀನಾ?"